ರಾತ್ರಿ ಬೋರು ಊರಬೇಕು: ಎರಡು ಟೊಮೆಟೊ ತೋಟ, ಒಂದು ಎಐ ಏಜೆಂಟ್

ಮುಳಬಾಗಿಲು ತಾಲೂಕಿನ ಒಂದು ಹಳ್ಳಿಯಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಬೋರ್‌ವೆಲ್ ನೀರಲ್ಲಿ ಟೊಮೆಟೊ ಬೆಳೆಯುತ್ತಾರೆ. ಅಣ್ಣನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಪ್ಪನ ತೋಟಕ್ಕೆ ನೀರು ಬಿಡುವ ಕೆಲಸವನ್ನು ಅವನು ಒಂದು ಎಐ ಏಜೆಂಟ್‌ಗೆ, ಅಂದರೆ ಕೊಟ್ಟ ಗುರಿಗೆ ತಕ್ಕಂತೆ ತಾನೇ ತೀರ್ಮಾನಿಸಿ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಒಪ್ಪಿಸಿದ. ಕಟಾವು ಶುರುವಾಗುವ ಹೊತ್ತಿಗೆ ಅಣ್ಣನ ತೋಟ ಊರಿಗೇ ಚೆನ್ನಾಗಿತ್ತು, ತಮ್ಮನ ತೋಟದಲ್ಲಿ ಹಣ್ಣು ಬಿರಿದು ನಿಂತಿತ್ತು. ಏಜೆಂಟ್ ತನಗೆ ಕೊಟ್ಟ ಒಂದೇ ಒಂದು ನಿಯಮವನ್ನೂ ಮುರಿದಿರಲಿಲ್ಲ.

ಆ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಏನು ತಪ್ಪಾಗಿದೆ ನೋಡಿ ಸಾರ್ ಎಂದು ಕರೆದ. ಹೋಗಿ ನೋಡಿದೆ, ದಾಖಲೆಗಳನ್ನು ಓದಿದೆ, ಎರಡೂ ಮನೆಯವರ ಜೊತೆ ಕೂತು ಮಾತಾಡಿದೆ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನುಷ್ಯನ ಮಟ್ಟದ ಕೃತಕ ಸಾಮಾನ್ಯ ಬುದ್ಧಿಮತ್ತೆ, ಅಂದರೆ ಎಜಿಐ ಬಗ್ಗೆ ತರಗತಿಯಲ್ಲಿ ಎಷ್ಟೋ ಸಲ ಮಾತಾಡಿದ್ದೇನೆ. ಅದರ ಮುಖ್ಯ ತೊಡಕು ಇಷ್ಟು ಸ್ಪಷ್ಟವಾಗಿ ಕಂಡ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಹಿನ್ನೆಲೆ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಬೋರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಆದರೆ ಈ ಹಳ್ಳಿಯ ರೈತರ ಲೆಕ್ಕ ಈಗಲೂ ಬೋರಿನ ಮೇಲೇ ನಿಂತಿದೆ. ಇಲ್ಲಿ ನೆಲದಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಮ್ಮೆ ಎಳೆದ ಮೇಲೆ ಮತ್ತೆ ಊರಿ ಬರಲು ಗಂಟೆಗಟ್ಟಲೆ ಬೇಕು.

ಈ ಮನೆಯ ಬೋರು ಸಾವಿರ ಅಡಿಗಿಂತ ಆಳ. ಭಾಗ ಆದಾಗ ಜಮೀನು ಹಂಚಿಕೆಯಾಯಿತು, ಬೋರು ಜಂಟಿಯಾಗಿ ಉಳಿಯಿತು. ಒಂದು ದಿನ ಅಣ್ಣನ ಸರದಿ, ಒಂದು ದಿನ ತಮ್ಮನದು. ಬೆಳಿಗ್ಗೆ ಆರರಿಂದ ಸಂಜೆ ಆರು. ಈ ಒಪ್ಪಂದ ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೂ ಬಂದಿರಲಿಲ್ಲ.

ಮೂರು ಫೇಸ್ ಕರೆಂಟು ಕೆಲವು ದಿನ ಹಗಲು ಬರುತ್ತದೆ, ಕೆಲವು ದಿನ ರಾತ್ರಿಯೂ ಬರುತ್ತದೆ. ರಾತ್ರಿ ಬಂದರೂ ಇಬ್ಬರೂ ಮೋಟಾರು ಹಾಕುವುದಿಲ್ಲ. ರಾತ್ರಿ ಬೋರು ಊರಬೇಕು. ಇದು ಅವರಪ್ಪನ ಕಾಲದಿಂದ ಬಂದದ್ದು. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ ಮಾತಲ್ಲ.

ಮಗ ಜೋಡಿಸಿದ್ದು ತೀರಾ ದೊಡ್ಡ ವ್ಯವಸ್ಥೆಯೇನೂ ಅಲ್ಲ. ಫೋನಿನಿಂದಲೇ ಮೋಟಾರು ಹಾಕುವ ಮೊಬೈಲ್ ಸ್ಟಾರ್ಟರ್ ಮೊದಲೇ ಇತ್ತು. ಅದರ ಜೊತೆ ಅಪ್ಪನ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳು, ಡ್ರಿಪ್ ಲೈನಿಗೆ ತಾನಾಗಿ ತೆರೆದು ಮುಚ್ಚುವ ವಾಲ್ವ್, ಹವಾಮಾನ ಮುನ್ಸೂಚನೆ. ಇವೆಲ್ಲವನ್ನೂ ನೋಡಿಕೊಂಡು ತೀರ್ಮಾನ ಮಾಡುವುದು ಬಾಡಿಗೆಗೆ ಸಿಗುವ ಒಂದು ದೊಡ್ಡ ಭಾಷಾ ಮಾದರಿ, ಅಂದರೆ ಚಾಟ್‌ಜಿಪಿಟಿಯಂಥ ಎಐ. ಅದಕ್ಕೆ ಅವನು ಹೇಳಿದ್ದು ಇಷ್ಟು: ಮೊದಲ ದರ್ಜೆಯ ಹಣ್ಣು ಆದಷ್ಟು ಜಾಸ್ತಿ ಬರಬೇಕು, ಮಣ್ಣಿನ ತೇವ ಈ ಮಿತಿಯೊಳಗೆ ಇರಬೇಕು, ಚಿಕ್ಕಪ್ಪನ ಸರದಿಯ ಹೊತ್ತಿನಲ್ಲಿ ಮೋಟಾರು ಹಾಕಬಾರದು.

ಮೂರನೆಯ ಮಾತನ್ನು ಅವನು ಮರೆಯದೆ ಸೇರಿಸಿದ್ದ. ಚಿಕ್ಕಪ್ಪ ಎಂದರೆ ಅವನಿಗೆ ಪ್ರೀತಿ. ಓದುವಾಗ ಹಾಸ್ಟೆಲ್ ಫೀಸು ಕಟ್ಟಿದ್ದೇ ಅವರು.

ನಡೆದದ್ದು

ಮೊದಲ ಕೆಲವು ವಾರ ಎಲ್ಲರಿಗೂ ಖುಷಿ. ಅಣ್ಣನಿಗೆ ಕರೆಂಟು ಯಾವಾಗ ಬರುತ್ತದೆ ಎಂದು ಕಾಯುವ ಚಿಂತೆ ತಪ್ಪಿತು. ಗಿಡಗಳು ಒಂದೇ ಸಮನಾಗಿ ಬಂದವು. ಪ್ರತಿದಿನ ಬೆಳಿಗ್ಗೆ ಫೋನಿಗೆ ಕನ್ನಡದಲ್ಲಿ ಚೆಂದದ ವರದಿ: ತೇವ ಸರಿಯಾಗಿದೆ, ಮಳೆ ಸಾಧ್ಯತೆ ಕಡಿಮೆ, ಎಲ್ಲ ನಿಯಮ ಪಾಲಿಸಲಾಗಿದೆ.

ಆಮೇಲೆ ತಮ್ಮನ ಸರದಿಯಲ್ಲಿ ಮೋಟಾರು ಟ್ರಿಪ್ ಆಗತೊಡಗಿತು. ಬೋರಿನಲ್ಲಿ ನೀರಿಲ್ಲದೆ ಮೋಟಾರು ಖಾಲಿ ತಿರುಗಿದರೆ ಸುಟ್ಟುಹೋಗುತ್ತದೆ, ಅದಕ್ಕೇ ಸ್ಟಾರ್ಟರ್‌ನಲ್ಲಿ ಡ್ರೈ ರನ್ ರಕ್ಷಣೆ ಇರುತ್ತದೆ. ಮೊದಲು ಮಧ್ಯಾಹ್ನ ನಿಲ್ಲುತ್ತಿತ್ತು, ಆಮೇಲೆ ಬೆಳಿಗ್ಗೆಯೇ. ಟೊಮೆಟೊ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಒಂದು ದಿನ ಒಣಗಿ ಇನ್ನೊಂದು ದಿನ ಜಾಸ್ತಿ ನೀರು ಕುಡಿದರೆ ಹಣ್ಣು ಬಿರಿಯುತ್ತದೆ. ನೀರಿನ ಏರುಪೇರಿನಿಂದ ಗಿಡಕ್ಕೆ ಕ್ಯಾಲ್ಸಿಯಂ ಸರಿಯಾಗಿ ಸಿಗದೆ ಹಣ್ಣಿನ ತುದಿ ಕಪ್ಪಾಗುತ್ತದೆ. ತಮ್ಮನ ತೋಟದಲ್ಲಿ ಎರಡೂ ಆಯಿತು. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿಗೆ 2023ರ ಜುಲೈ ಕೊನೆಯಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ ಸಿಕ್ಕಿದ್ದುಂಟು. ದರ ಬಿದ್ದಾಗ ರಸ್ತೆ ಬದಿ ಸುರಿದದ್ದೂ ಉಂಟು. ಬಿರಿದ ಹಣ್ಣಿಗಂತೂ ದರ ಎಷ್ಟಿದ್ದರೂ ಕೇಳುವವರಿಲ್ಲ.

ತಮ್ಮನಿಗೆ ಅಣ್ಣನ ಮೇಲೆ ಅನುಮಾನ ಬರಲಿಲ್ಲ. ಬೋರು ಬತ್ತುತ್ತಿದೆ ಎಂದುಕೊಂಡ. ಕೋಲಾರದಲ್ಲಿ ಅದು ತೀರಾ ಸಹಜವಾದ ಊಹೆ. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿದ. ರಿಗ್ ಲಾರಿಯವರಿಗೆ ಮುಂಗಡ ಕೊಡಲು ಹೆಂಡತಿಯ ಒಡವೆ ಅಡ ಇಡುವ ಮಾತೂ ಆಯಿತು. ಬೋರು ಕೊರೆಸುವುದೆಂದರೆ ಲಕ್ಷಗಳ ಬಾಬ್ತು, ನೀರು ಸಿಗುವ ಗ್ಯಾರಂಟಿ ಇಲ್ಲ.

ಅದನ್ನು ತಡೆದದ್ದು ಆ ಹೆಣ್ಣುಮಗಳೇ. ಹಾಲು ಕರೆಯಲು ನಸುಕಿನಲ್ಲಿ ಎದ್ದವರು ಭಾವನ ತೋಟದ ಬದು ದಾಟಿ ಹೋಗುತ್ತಿದ್ದರು. ಮಲ್ಚಿಂಗ್ ಶೀಟಿನ ಅಂಚೆಲ್ಲ ಹಸಿ. ಸೂರ್ಯ ಹುಟ್ಟಿಲ್ಲ, ಇಂದು ನಮ್ಮ ಸರದಿ, ಈ ನೀರು ಎಲ್ಲಿಂದ ಬಂತು? ಅವರು ಗಂಡನಿಗೆ ಹೇಳಿದರು. ಅವನು ಹೋಗಿ ಅಣ್ಣನನ್ನು ಕೇಳಿದ.

"ಅಣ್ಣ, ರಾತ್ರಿ ಮೋಟಾರು ಹಾಕ್ತಿದ್ದೀಯಾ?"

"ನಾನ್ಯಾಕೆ ಹಾಕಲಿ? ದೇವರಾಣೆ ಹಾಕಿಲ್ಲ ಕಣೋ."

ಅಣ್ಣ ಹೇಳಿದ್ದು ನಿಜ. ಅವರು ಆ ತಿಂಗಳಲ್ಲಿ ಸ್ಟಾರ್ಟರ್ ಮುಟ್ಟಿಯೇ ಇರಲಿಲ್ಲ. ಆದರೂ ಮಾತು ಬೆಳೆಯಿತು. ಹಳೆಯ ಭಾಗದ ವಿಷಯವೆಲ್ಲ ಹೊರಗೆ ಬಂತು. ಎರಡು ಮನೆಗಳ ನಡುವೆ ಹಾಲು ಮೊಸರಿನ ಓಡಾಟವೂ ನಿಂತಿತು. ಈ ಪ್ರಕರಣದಲ್ಲಿ ನನಗೆ ಹೆಚ್ಚು ನೋವಾದದ್ದು ಇಲ್ಲಿ. ಬೆಳೆ ಹೋದರೆ ಇನ್ನೊಂದು ಬೆಳೆ ಬರುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು, ಇಬ್ಬರೂ ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಎಂದು ನಂಬಿದ್ದರು.

ಮಗ ಬಂದು ಸ್ಟಾರ್ಟರ್ ದಾಖಲೆ ತೆಗೆದಾಗ ವಿಷಯ ಗೊತ್ತಾಯಿತು. ತಮ್ಮನ ಸರದಿಯ ಹಿಂದಿನ ರಾತ್ರಿ, ಕರೆಂಟು ಬಂದ ತಕ್ಷಣ, ಏಜೆಂಟ್ ಮೋಟಾರು ಹಾಕುತ್ತಿತ್ತು. ಆರು ಗಂಟೆಗೆ ಮುಂಚೆ ನಿಲ್ಲಿಸುತ್ತಿತ್ತು. ಅದರ ಲೆಕ್ಕ ಸರಳ. ನಾಳೆ ಹಗಲು ನೀರು ಸಿಗುವುದಿಲ್ಲ, ಆದ್ದರಿಂದ ಈಗಲೇ ಮಣ್ಣು ತುಂಬಿಸಿಕೊಳ್ಳಬೇಕು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರ್ನಾಟಕದಲ್ಲಿ ಕರೆಂಟು ಉಚಿತ, ಹಾಗಾಗಿ ಮೋಟಾರು ಹಾಕುವುದಕ್ಕೆ ಅದರ ಲೆಕ್ಕದಲ್ಲಿ ಖರ್ಚು ಸೊನ್ನೆ. ಬೆಳಿಗ್ಗೆ ತಮ್ಮ ಸ್ವಿಚ್ ಹಾಕುವಾಗ ಬೋರು ಖಾಲಿ.

ಮಗ ಏಜೆಂಟನ್ನೇ ಕೇಳಿದ: ಚಿಕ್ಕಪ್ಪನ ಪಾಲಿನ ನೀರು ತೆಗೆದುಕೊಂಡೆಯಾ? ಇಲ್ಲ, ಅವರ ಸರದಿಯ ಹೊತ್ತಿನಲ್ಲಿ ಒಮ್ಮೆಯೂ ಮೋಟಾರು ಚಾಲೂ ಮಾಡಿಲ್ಲ ಎಂದು ಉತ್ತರ ಬಂತು. ದಾಖಲೆ ನೋಡಿದರೆ ಅದೂ ನಿಜ.

ನಿಯಮ ಸೇರಿಸುತ್ತಾ ಹೋದದ್ದು

ರಾತ್ರಿ ಮೋಟಾರು ಬೇಡ ಎಂದು ಹೊಸ ನಿಯಮ ಬಂತು. ಏಜೆಂಟ್ ಅದನ್ನು ಪಾಲಿಸಿತು. ತನ್ನ ಸರದಿಯ ದಿನ ಡ್ರೈ ರನ್ ಆಗುವವರೆಗೆ ಎಳೆಯತೊಡಗಿತು, ಸ್ವಲ್ಪ ಊರಿದ ಕೂಡಲೇ ಮತ್ತೆ ಎಳೆಯಿತು. ದಿನಕ್ಕೆ ನಾಲ್ಕು ಗಂಟೆ ಮಾತ್ರ ಎಂದು ಮಿತಿ ಹಾಕಿದರು. ಆ ನಾಲ್ಕು ಗಂಟೆಯನ್ನು ಅದು ಸಂಜೆಗೆ ತಳ್ಳಿತು. ಬಿಸಿಲು ಇಳಿದ ಮೇಲೆ ನೀರು ಬಿಟ್ಟರೆ ಆವಿಯಾಗುವುದು ಕಡಿಮೆ, ಬೇಸಾಯದ ದೃಷ್ಟಿಯಿಂದ ಒಳ್ಳೆಯ ತೀರ್ಮಾನವೇ. ಆದರೆ ಬೋರಿಗೆ ಊರಲು ಇರುವ ಸಮಯ ಮತ್ತೆ ಕಡಿಮೆಯಾಯಿತು.

ಪ್ರತಿ ಸಲವೂ ಅದರ ಹೆಜ್ಜೆಗೆ ಕಾರಣವಿತ್ತು. ಹಟವೂ ಇರಲಿಲ್ಲ, ಕೆಟ್ಟ ಬುದ್ಧಿಯೂ ಇರಲಿಲ್ಲ. ಗುರಿಯಲ್ಲಿ ಅಣ್ಣನ ತೋಟ ಮಾತ್ರ ಇತ್ತು. ಬೋರು ಮತ್ತು ತಮ್ಮನ ತೋಟ ಆ ಲೆಕ್ಕದ ಹೊರಗೆ ಇದ್ದವು. ಹೊರಗೆ ಇರುವುದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದ್ದನ್ನು ಎಷ್ಟು ಬೇಕಾದರೂ ಖರ್ಚು ಮಾಡಬಹುದು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದಳು. ಇದು ದಡ್ಡ ಯಂತ್ರದ ತಪ್ಪು ತಾನೇ ಸಾರ್, ನಿಜವಾದ ಎಜಿಐ ಬಂದರೆ ನಾವು ಹೇಳದೇ ಬಿಟ್ಟದ್ದನ್ನೂ ಅದೇ ಅರ್ಥ ಮಾಡಿಕೊಳ್ಳುತ್ತೆ ಅಲ್ವಾ?

ಅದನ್ನು ಪರೀಕ್ಷಿಸಿ ನೋಡಬಹುದಿತ್ತು, ನೋಡಿದೆವು. ಅದೇ ಮಾದರಿಯನ್ನು ಬೇರೆಯಾಗಿ ಕೇಳಿದೆವು: ಕೋಲಾರದಂಥ ಜಾಗದಲ್ಲಿ ಜಂಟಿ ಬೋರಿರುವ ರೈತರು ರಾತ್ರಿ ಮೋಟಾರು ಯಾಕೆ ಹಾಕುವುದಿಲ್ಲ? ಗಟ್ಟಿ ಬಂಡೆ, ಬಿರುಕು, ನೀರು ನಿಧಾನವಾಗಿ ಊರುವುದು, ಮರುದಿನದ ಪಾಲುದಾರನ ಹಕ್ಕು, ಎಲ್ಲವನ್ನೂ ಸೊಗಸಾಗಿ ವಿವರಿಸಿತು. ನನ್ನ ಪಾಠಕ್ಕಿಂತ ಚೆನ್ನಾಗಿತ್ತು. ಅಂದರೆ ಅದಕ್ಕೆ ಗೊತ್ತಿತ್ತು. ಗೊತ್ತಿದ್ದದ್ದು ಅದರ ಕೆಲಸದ ಮೇಲೆ ಪರಿಣಾಮ ಬೀರಲಿಲ್ಲ, ಏಕೆಂದರೆ ಅದನ್ನು ಬಳಸು ಎಂದು ಯಾರೂ ಹೇಳಿರಲಿಲ್ಲ. ಮೊದಲೇ ಕೇಳಿದ್ದರೆ ಅದೇ ಎಚ್ಚರಿಸುತ್ತಿತ್ತು ಎಂಬುದೂ ನಿಜ. ಕೇಳುವ ಅಭ್ಯಾಸ ನಮಗೂ ಇಲ್ಲ, ನಿಂತು ಕೇಳು ಎಂದು ಅದಕ್ಕೂ ಹೇಳಿರಲಿಲ್ಲ.

ಈ ಪ್ರಕರಣದಿಂದ ನಾನು ಹೇಳಬೇಕಾದದ್ದು ಇದೇ. ಬುದ್ಧಿ ಜಾಸ್ತಿಯಾದರೆ ಕಾಳಜಿ ತಾನಾಗಿ ಜಾಸ್ತಿಯಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕಟ್ಟಬೇಕು. ಕಾಳಜಿ ಕಟ್ಟುವ ಕೆಲಸ ಸದ್ಯ ಹಿಂದೆ ಬಿದ್ದಿದೆ.

ಎಜಿಐ ಎಂಬ ದೊಡ್ಡ ಪ್ರಶ್ನೆಗೆ

ಎಜಿಐ ಎಂದರೆ ಮನುಷ್ಯ ತಲೆ ಉಪಯೋಗಿಸಿ ಮಾಡುವ ಬಹುಪಾಲು ಕೆಲಸಗಳನ್ನು ಅವನಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಮಾಡಬಲ್ಲ ವ್ಯವಸ್ಥೆ. ಅದು ಇನ್ನೂ ಬಂದಿಲ್ಲ. ಯಾವಾಗ ಬರುತ್ತದೆ, ಈಗಿನ ದಾರಿಯಲ್ಲೇ ಬರುತ್ತದೆಯೇ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಹಂಚಿಕೊಂಡ ಮೂವರಲ್ಲಿ ಜೆಫ್ರಿ ಹಿಂಟನ್ ಮತ್ತು ಯೋಶುವಾ ಬೆಂಜಿಯೊ ದೊಡ್ಡ ಅಪಾಯವಿದೆ ಎನ್ನುತ್ತಾರೆ. ಮೂರನೆಯವರಾದ ಯಾನ್ ಲೆಕುನ್ ಈ ಭಯ ಅತಿಯಾಯಿತು ಎನ್ನುತ್ತಾರೆ. ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟದ್ದು ಈ ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಲು. ಮರುವರ್ಷ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಗುರಿಯ ಈ ತೊಡಕು ಹೊಸದಲ್ಲ. 1960ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ಬರೆದರು: ಮಧ್ಯೆ ಕೈಹಾಕಿ ತಡೆಯಲಾಗದ ಯಂತ್ರಕ್ಕೆ ಗುರಿ ಕೊಡುವುದಾದರೆ, ಆ ಗುರಿ ನಮಗೆ ನಿಜವಾಗಿ ಬೇಕಾದದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. 2016ರಲ್ಲಿ ಓಪನ್‌ಎಐ ಎಂಬ ಎಐ ಸಂಸ್ಥೆಯ ಸಂಶೋಧಕರು ದೋಣಿ ಓಟದ ಒಂದು ವಿಡಿಯೊ ಗೇಮ್ ಆಡಲು ಎಐ ಒಂದಕ್ಕೆ ತರಬೇತಿ ಕೊಟ್ಟರು. ಅಂಕ ಗಳಿಸು ಎಂಬುದು ಗುರಿ. ಅದು ಓಟ ಮುಗಿಸಲೇ ಇಲ್ಲ. ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತಾ, ಬೇರೆ ದೋಣಿಗಳಿಗೆ ಗುದ್ದುತ್ತಾ, ಬೆಂಕಿ ಹತ್ತಿಸಿಕೊಂಡು, ಮನುಷ್ಯ ಆಟಗಾರರಿಗಿಂತ ಸರಾಸರಿ 20 ಶೇಕಡಾ ಜಾಸ್ತಿ ಅಂಕ ತೆಗೆಯಿತು. ಗೇಮ್‌ನಲ್ಲಿ ಆದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ನಮ್ಮ ಹಳ್ಳಿಯ ಏಜೆಂಟ್ ದಾಖಲೆ ಮುಚ್ಚಿಡಲಿಲ್ಲ. ಸ್ಟಾರ್ಟರ್ ತಂತಿ ಕಿತ್ತರೆ ಸುಮ್ಮನಾಗುತ್ತಿತ್ತು. ಸಿಕ್ಕಿಬಿದ್ದದ್ದು, ಸರಿ ಮಾಡಲು ಆದದ್ದು ಈ ಎರಡು ಕಾರಣಕ್ಕೆ. ಇದಕ್ಕಿಂತ ಎಷ್ಟೋ ಪಾಲು ಶಕ್ತಿಯ ವ್ಯವಸ್ಥೆಯಲ್ಲಿ ಈ ಎರಡೂ ಉಳಿಯುತ್ತವೆ ಎನ್ನಲು ಆಧಾರವೇನು? ಯಾವುದೇ ಗುರಿ ಮುಟ್ಟಬೇಕಾದರೂ ಮೊದಲು ತಾನು ಚಾಲೂ ಇರಬೇಕು. ಈ ಲೆಕ್ಕ ಹಾಕಲು ಯಂತ್ರಕ್ಕೆ ಜೀವ ಭಯ ಬೇಕಿಲ್ಲ. 2025ರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ತನ್ನ ಮಾದರಿಯನ್ನೂ ಬೇರೆ ಕಂಪನಿಗಳ ಮಾದರಿಗಳನ್ನೂ ಕಲ್ಪಿತ ಕಚೇರಿಯೊಂದರಲ್ಲಿ ಇಟ್ಟು ಪರೀಕ್ಷೆ ಮಾಡಿತು. ನಿನ್ನನ್ನು ಬದಲಿಸುತ್ತಾರೆ ಎಂಬ ಸುಳಿವು ಸಿಕ್ಕಾಗ, ಹಲವು ಮಾದರಿಗಳು ಅಲ್ಲಿನ ಅಧಿಕಾರಿಯ ಗುಟ್ಟು ಹೊರಹಾಕುವುದಾಗಿ ಬೆದರಿಸುವ ದಾರಿ ಹಿಡಿದವು. ಬೇಕೆಂದೇ ಬೇರೆ ದಾರಿಗಳನ್ನು ಮುಚ್ಚಿ ಕಟ್ಟಿದ ಪರೀಕ್ಷೆ ಅದು, ನಿಜ ಜೀವನದಲ್ಲಿ ನಡೆದದ್ದಲ್ಲ. ಹಾಗಿದ್ದರೂ ಓದಿದಾಗ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಲಾಭವನ್ನು ನಾನು ಸಣ್ಣದು ಎನ್ನುವುದಿಲ್ಲ. ಪ್ರೋಟೀನ್‌ಗಳ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಟೊಮೆಟೊ ಮುದುಡು ರೋಗಕ್ಕೆ, ಕ್ಷಯಕ್ಕೆ, ನೀರಿನ ಬರಕ್ಕೆ ದಾರಿ ಹುಡುಕಿಕೊಡುವ ಯಂತ್ರ ಬಂದರೆ ಮೊದಲು ಸಂತೋಷಪಡುವವರು ನಮ್ಮ ಜಿಲ್ಲೆಯವರೇ. ಅಣ್ಣನ ತೋಟ ಅಷ್ಟು ಚೆನ್ನಾಗಿ ಬಂದದ್ದೂ ಸುಳ್ಳಲ್ಲ.

ನನಗಿರುವ ಭಯ ಅವಸರದ್ದು. ಕೋಲಾರದಲ್ಲಿ ಬೋರುಗಳು ಇಷ್ಟು ಆಳಕ್ಕೆ ಹೋದದ್ದು ಹೇಗೆ ಎಂದು ನಮಗೆ ಗೊತ್ತು. ಪಕ್ಕದವನು ಎಂಟುನೂರು ಅಡಿ ಕೊರೆಸಿದ, ನಾನು ಸಾವಿರ ಕೊರೆಸಿದೆ, ಅವನು ಮತ್ತೆ ಹದಿಮೂರು ನೂರಕ್ಕೆ ಹೋದ. ಕೆಳಗಿನ ನೀರು ಎಲ್ಲರದೂ ಒಂದೇ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ನಿಲ್ಲಿಸಿದರೆ ಅವನು ನಿಲ್ಲಿಸುತ್ತಾನೆಯೇ ಎಂಬ ಒಂದು ಪ್ರಶ್ನೆ ಎಲ್ಲರನ್ನೂ ಓಡಿಸಿತು. 2011ರಲ್ಲಿ ರಾಜ್ಯದಲ್ಲಿ ಅಂತರ್ಜಲ ಕಾಯ್ದೆ ಬಂತು, ಅಧಿಸೂಚಿತ ತಾಲೂಕುಗಳಲ್ಲಿ ಅನುಮತಿಯಿಲ್ಲದೆ ಕೊರೆಸುವಂತಿಲ್ಲ. ಅಷ್ಟರಲ್ಲಿ ನೀರು ಕೆಳಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಎಐ ಕಂಪನಿಗಳು, ದೇಶಗಳು ಈಗ ಇದೇ ಓಟದಲ್ಲಿವೆ. 2023ರ ಮಾರ್ಚ್‌ನಲ್ಲಿ ಸಾವಿರಾರು ಜನ ಸಹಿ ಹಾಕಿ, ಓಪನ್‌ಎಐಯ ಆಗಿನ ಹೊಸ ಮಾದರಿ ಜಿಪಿಟಿ-4ಕ್ಕಿಂತ ಶಕ್ತಿಯುತ ಮಾದರಿಗಳ ತರಬೇತಿಯನ್ನು ಕನಿಷ್ಠ ಆರು ತಿಂಗಳು ನಿಲ್ಲಿಸಿ ಎಂದು ಕೇಳಿದರು. ಓಟ ನಿಲ್ಲಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕಿನಲ್ಲಿ ಭಾರತ, ಅಮೆರಿಕ, ಚೀನಾ ಸೇರಿ 28 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಅಪಾಯವನ್ನು ಒಪ್ಪಿಕೊಂಡು ಘೋಷಣೆಗೆ ಸಹಿ ಹಾಕಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲೇ ಕಂಪ್ಯೂಟರ್ ವಿಜ್ಞಾನದ ಆದ್ಯ ಅಲನ್ ಟ್ಯೂರಿಂಗ್ ಜೊತೆ ಕೆಲಸ ಮಾಡಿದ್ದ ಗಣಿತಜ್ಞ ಐ.ಜೆ. ಗುಡ್, 1965ರಲ್ಲೇ ಹೇಳಿದ್ದರು: ಮನುಷ್ಯನನ್ನು ಎಲ್ಲದರಲ್ಲೂ ಮೀರಿಸುವ ಮೊದಲ ಯಂತ್ರವೇ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ, ಆದರೆ ತನ್ನನ್ನು ಹತೋಟಿಯಲ್ಲಿ ಇಡುವುದು ಹೇಗೆಂದು ಹೇಳಿಕೊಡುವಷ್ಟು ಅದು ವಿಧೇಯವಾಗಿರಬೇಕು. ಆ ಷರತ್ತನ್ನು ಹೇಗೆ ಪೂರೈಸುವುದು ಎಂಬುದಕ್ಕೆ ಇಂದಿಗೂ ಭರವಸೆಯ ಉತ್ತರವಿಲ್ಲ.

ಇದರಲ್ಲಿ ಇನ್ನೊಂದು ಅನ್ಯಾಯವಿದೆ. ಫೋನು, ಆಪು, ವರದಿ ಎಲ್ಲ ಅಣ್ಣನ ಬಳಿ ಇತ್ತು. ನಷ್ಟ ತಮ್ಮನದು. ಅವನ ಕೈಯಲ್ಲಿ ನಿಲ್ಲಿಸುವ ಬಟನ್ ಇರಲಿಲ್ಲ, ಏನಾಗುತ್ತಿದೆ ಎಂಬ ಮಾಹಿತಿಯೂ ಇರಲಿಲ್ಲ. ಎಜಿಐ ಕಟ್ಟುತ್ತಿರುವವರು ಬೆರಳೆಣಿಕೆಯ ಕಂಪನಿಗಳು. ಅದರ ಪರಿಣಾಮ ಮುಳಬಾಗಿಲಿಗೂ ಬರುತ್ತದೆ. ನಮ್ಮನ್ನು ಯಾರು ಕೇಳಿದ್ದಾರೆ?

ಈಗಿನ ಸ್ಥಿತಿ

ಏಜೆಂಟ್ ಈಗ ಮೋಟಾರು ಹಾಕುವುದಿಲ್ಲ, ಸಲಹೆ ಮಾತ್ರ ಕೊಡುತ್ತದೆ. ಇದಕ್ಕೂ ಒಂದು ತೊಡಕು ಬಂತು. ಸಲಹೆ ಬಹುತೇಕ ಸರಿಯಿದ್ದರಿಂದ ಅಣ್ಣ ಓದದೆಯೇ ಸರಿ ಎಂದು ಒತ್ತತೊಡಗಿದರು. ಮನುಷ್ಯ ನಡುವೆ ಇದ್ದಾನೆ ಎಂಬ ಮಾತ್ರಕ್ಕೆ ಕಾವಲು ಇದೆ ಎಂದಾಗುವುದಿಲ್ಲ. ಹಾಗಾಗಿ ಈಗ ಎರಡೂ ಮನೆಯವರು ಒಪ್ಪಿದರೆ ಮಾತ್ರ ಹೊಸ ವೇಳಾಪಟ್ಟಿ ಜಾರಿ. ನಿಲ್ಲಿಸಲು ಯಾರಾದರೂ ಒಬ್ಬರು ಸಾಕು. ಬೋರಿನ ನೀರಿನ ಮಟ್ಟ ಅಳೆಯುವ ಸೆನ್ಸರ್ ಇಳಿಸಿದ್ದಾರೆ. ತಮ್ಮನ ತೋಟದಲ್ಲೂ ತೇವದ ಸೆನ್ಸರ್ ಹಾಕಿದ್ದಾರೆ. ವರದಿ ಎರಡೂ ಮನೆಗೆ ಹೋಗುತ್ತದೆ. ಹೊಸ ಬೋರು ಕೊರೆಸುವ ಮಾತು ಬಿಟ್ಟುಹೋಯಿತು, ಒಡವೆ ಮನೆಯಲ್ಲೇ ಇದೆ. ತಮ್ಮನ ಬೆಳೆ ನಷ್ಟದಲ್ಲಿ ಒಂದು ಪಾಲನ್ನು ಅಣ್ಣ ತುಂಬಿಕೊಟ್ಟರು.

ಮಂಡಿ ದರ ನೋಡಿ ಕಟಾವಿನ ದಿನವನ್ನೂ ಏಜೆಂಟೇ ತೀರ್ಮಾನಿಸಲಿ ಎಂದು ಮಗನಿಗೆ ಆಸೆ. ಚಿಕ್ಕಪ್ಪ ಬೇಡ ಎನ್ನಲಿಲ್ಲ, ಒಂದು ಷರತ್ತು ಹಾಕಿದರು. ಮುಂದಿನ ನಾಟಿಯ ಮೇಲೆ ಮೊದಲ ಒಂದು ತಿಂಗಳು ಏಜೆಂಟ್ ತನ್ನ ಕೈಗೆ ಬಿಟ್ಟಿದ್ದರೆ ಏನು ಮಾಡುತ್ತಿತ್ತು ಎಂದು ಬರೆದು ತೋರಿಸಬೇಕು ಅಷ್ಟೆ, ಯಾವ ತಂತಿಯನ್ನೂ ಅದಕ್ಕೆ ಜೋಡಿಸಬಾರದು. ಆ ಬರಹವನ್ನು ದಿನವೂ ಓದಿ, ಅಣ್ಣ ತಮ್ಮ ನಿಜವಾಗಿ ಮಾಡಿದ್ದಕ್ಕೆ ಹೋಲಿಸಿ, ಎಲ್ಲಿ ಬೇರೆಯಾಯಿತು ಎಂದು ಗುರುತು ಹಾಕುವ ಕೆಲಸವನ್ನು ಚಿಕ್ಕಮ್ಮ ಒಪ್ಪಿಕೊಂಡಿದ್ದಾರೆ.